ಘರ್ಷಣೆ ಇಲ್ಲದ ಚಕ್ರ ಅಂತ 5,700 ರೂಪಾಯಿ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವನು. ಹನ್ನೆರಡು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದವನು. ಅದಕ್ಕೇ ಇದನ್ನು ಬರೆಯೋಕೆ ಇಷ್ಟು ದಿನ ನಾಚಿಕೆ ಆಗುತ್ತಿತ್ತು.

ಮ್ಯಾಗ್ನೆಟ್ ಮೇಲೆ ತೇಲುತ್ತಾ ತಿರುಗುವ ಚಕ್ರವನ್ನು ಮನೆಯಲ್ಲೇ ಮಾಡಬೇಕು ಅಂತ ಹಳೇ ಆಸೆ. ಶಾಫ್ಟಿನ ಎರಡೂ ಕಡೆ ರಿಂಗ್ ಮ್ಯಾಗ್ನೆಟ್, ಅವನ್ನು ಮೇಲಕ್ಕೆ ತಳ್ಳೋಕೆ ಸ್ಟ್ಯಾಂಡಿನಲ್ಲಿ ಇನ್ನೊಂದಿಷ್ಟು. ಬೇರಿಂಗ್ ಬೇಡ, ಗ್ರೀಸ್ ಬೇಡ. ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋದಲ್ಲಿ ಅಂಥದ್ದೇ ಚಕ್ರ ಗಿರ್ರನೆ ತಿರುಗುತ್ತಿತ್ತು. "ಘರ್ಷಣೆ ಶೂನ್ಯ, ಒಮ್ಮೆ ತಳ್ಳಿ ಮರೆತುಬಿಡಿ" ಅಂತ ಕೆಳಗೆ ಬರಹ. ಡಿಸೈನು, ಸಾಮಾನು ಎಲ್ಲಾ ಸೇರಿ 4,800.

ಮಾರುವವನಿಗೆ ಫೋನ್ ಮಾಡಿದೆ. "ನೀವು ಫೀಲ್ಡಿನವರು ಸರ್, ನಿಮಗೆ ನಾನು ಹೇಳ್ಬೇಕಾ?" ಅಂದ. ಅಷ್ಟಕ್ಕೇ ಉಬ್ಬಿಹೋದೆ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ: ಅಲ್ಯೂಮಿನಿಯಂ ಬೇಸ್ ಹಾಕಿಸಿಕೊಂಡರೆ ಇನ್ನೂ ಸ್ಮೂತ್, 900 ಜಾಸ್ತಿ. ಅದನ್ನೂ ಕಳಿಸಿದೆ. ಬಿಲ್ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ನನ್ನ ಹೆಂಡತಿ ಈಗಲೂ ಕೇಳುತ್ತಾಳೆ.

ಬಾಕ್ಸ್ ಬಂತು. ಜೋಡಿಸಿದೆ. ತಳ್ಳಿದೆ. ಹನ್ನೊಂದು ಸೆಕೆಂಡ್. ಮತ್ತೆ ತಳ್ಳಿದೆ, ಹನ್ನೆರಡು. ಎಂಟನೇ ಕ್ಲಾಸಿನ ಮಗ ಬಗ್ಗಿ ನೋಡಿ, "ಅಪ್ಪಾ, ಶಾಫ್ಟಿನ ಈ ತುದಿ ಸ್ಟ್ಯಾಂಡಿನ ಗಾಜಿಗೆ ತಾಗ್ತಿದೆಯಲ್ಲಾ? ತೇಲುತ್ತೆ ಅಂದ್ರಿ?" ಅಂದ. ಹೌದು, ತಾಗುತ್ತಿತ್ತು. ತಾಗಲೇಬೇಕು. ಬರೀ ಮ್ಯಾಗ್ನೆಟ್ ಇಟ್ಟು ಇನ್ನೊಂದು ಮ್ಯಾಗ್ನೆಟ್ಟನ್ನು ಯಾವ ಕಡೆಯೂ ತಾಗದ ಹಾಗೆ ಅಲುಗಾಡದೆ ತೇಲಿಸೋಕೆ ಆಗಲ್ಲ ಅಂತ 1842ರಲ್ಲೇ ಅರ್ನ್‌ಶಾ ಅನ್ನುವವರು ತೋರಿಸಿದ್ದಾರೆ. ಒಂದು ಕಡೆ ಆಸರೆ ಬೇಕೇ ಬೇಕು. ಆಸರೆ ಇದ್ದಲ್ಲಿ ಘರ್ಷಣೆ. ಅದೂ ಹೋಗಲಿ, ಗಾಳಿಯೂ ತಡೆಯುತ್ತದಲ್ಲಾ? ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ.

ಮಾರಿದವನಿಗೆ ಮೆಸೇಜ್ ಹಾಕಿದೆ. "ಲೆವೆಲ್ ಸರಿ ಇಲ್ಲ ಸರ್." ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆ, ಸರಿ ಇತ್ತು. "ಫ್ಯಾನ್ ಹಾಕಿದ್ದೀರಾ ಸರ್?" ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಕೂತೆವು. "ಹತ್ತಿರ ಮೊಬೈಲ್ ಇದ್ರೆ ಫೀಲ್ಡ್ ಡಿಸ್ಟರ್ಬ್ ಆಗುತ್ತೆ ಸರ್." ಮೊಬೈಲ್ ಎಲ್ಲ ಹೊರಗಿಟ್ಟೆ. ಆಮೇಲೆ ಅವನೇ, "ತಿರುಗೋದನ್ನ ಒಂದು ವಿಡಿಯೋ ಮಾಡಿ ಕಳಿಸಿ ಸರ್" ಅಂದ. ಯಾವುದರಲ್ಲಿ ಮಾಡಲಿ?

ಆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಬಿದ್ದುಕೊಂಡಿದ್ದಾಗ ಹಳೇ ಕರೆಂಟ್ ಮೀಟರ್ ನೆನಪಾಯಿತು. ಒಳಗೆ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತಲ್ಲಾ, ಅದು. ಆ ತಟ್ಟೆ ಹದ್ದು ಮೀರಿ ಓಡದ ಹಾಗೆ ಹಿಡಿಯೋದೇ ಅದರ ಪಕ್ಕದ ಮ್ಯಾಗ್ನೆಟ್! ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಅಂಟಲ್ಲ ನಿಜ. ಆದರೆ ಪಕ್ಕದಲ್ಲಿ ಮ್ಯಾಗ್ನೆಟ್ ಓಡಿದರೆ ಅದರೊಳಗೆ ಎಡ್ಡಿ ಕರೆಂಟ್, ಅಂದರೆ ಸುಳಿ ಥರ ಸುತ್ತುವ ಕರೆಂಟ್ ಹುಟ್ಟಿ ಆ ಓಟವನ್ನೇ ತಡೆಯುತ್ತದೆ. ತಾಮ್ರ ಆದರೆ ಇನ್ನೂ ಜೋರಾಗಿ ತಡೆಯುತ್ತದೆ. ನನ್ನ ಚಕ್ರದ ಅಂಚಿನಲ್ಲಿ ಎಂಟು ಮ್ಯಾಗ್ನೆಟ್, ಬೆರಳು ತೂರದಷ್ಟು ಕೆಳಗೆ ಅವನ ಅಲ್ಯೂಮಿನಿಯಂ ಬೇಸ್.

900 ರೂಪಾಯಿ ಕೊಟ್ಟು ಬ್ರೇಕ್ ಕೊಂಡಿದ್ದೆ ನಾನು. ಬ್ರೇಕ್! ವೈಂಡಿಂಗ್ ಅಂಗಡಿಯವನು!

ಎದ್ದು ಬೇಸ್ ಕಿತ್ತು ಮರದ ಹಲಗೆ ಮೇಲೆ ಕೂರಿಸಿ ತಳ್ಳಿದೆ. ಒಂದೂವರೆ ನಿಮಿಷ ತಿರುಗಿತು. ಮತ್ತೆ ನಿಂತಿತು.

ಮಾರನೇ ವಾರ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ ಆ ರಿಂಗುಗಳನ್ನು ತೋರಿಸಿದೆ. ತುಂಬಾ ಬಲವಾದ ನಿಯೋಡೈಮಿಯಂ ಎನ್52 ಮ್ಯಾಗ್ನೆಟ್ ಅಂತ ಕೊಟ್ಟಿದ್ದ. ಅಂಗಡಿಯವರು ಕೈಯಲ್ಲಿ ತೂಗಿ ನೋಡಿದರು, ಚಾಕುವಿನಿಂದ ಕೆರೆದರು. ಬೆಳ್ಳಿ ಬಣ್ಣದ ಕೆಳಗೆ ಅಗ್ಗದ ಕರೀ ಫೆರೈಟ್ ಮ್ಯಾಗ್ನೆಟ್. "ಸ್ಪೀಕರ್ ಮ್ಯಾಗ್ನೆಟ್ ಸಾರ್ ಇದು" ಅಂತ ನಕ್ಕರು. ಪಕ್ಕದಲ್ಲಿದ್ದ ಗಿರಾಕಿಯೂ ನಕ್ಕ.

ದುಡ್ಡು ವಾಪಸ್ ಕೇಳಿದೆ. "ಬಾಕ್ಸ್ ತೆರೆದ ಮೇಲೆ ವಾಪಸ್ ಇಲ್ಲ ಸರ್." ಘರ್ಷಣೆ ಶೂನ್ಯ ಅಂದಿದ್ರಲ್ಲಾ ಅಂದೆ. "ಶೂನ್ಯ ಅಂದ್ವಿ ಸರ್, ನಿಲ್ಲಲ್ಲ ಅಂತ ಅನ್ನಲಿಲ್ಲ." ಕೊನೆಗೆ, "ನೀವೇ ಫೀಲ್ಡಿನವರು, ನೋಡಿ ತಗೋಬೇಕಿತ್ತು." ಆಮೇಲೆ ಬ್ಲಾಕ್.

ಆ ವಿಡಿಯೋವನ್ನು ಈಗ ನೋಡಿದರೆ ಕಾಣುತ್ತದೆ: ಹಿಂದಿನ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಸ್ವಲ್ಪ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಹಾರುತ್ತದೆ. ಒಂದೇ ತುಣುಕನ್ನು ಮತ್ತೆ ಮತ್ತೆ ಜೋಡಿಸಿದ್ದಾನೆ. ಯಾರಾದರೂ ಇಂಥದ್ದು ತೋರಿಸಿದರೆ ಚಕ್ರ ಬಿಡಿ, ಹಿಂದಿನ ಗೋಡೆ ನೋಡಿ. ಬಿಲ್ ಇಲ್ಲದೆ ಒಂದು ರೂಪಾಯಿ ಕಳಿಸಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಕಾಯುತ್ತಿದ್ದೇನೆ.

ಬೇಸ್ ಈಗ ಅಡುಗೆಮನೆಯಲ್ಲಿದೆ, ಬಿಸಿ ಪಾತ್ರೆ ಇಳಿಸೋಕೆ. ನಿನ್ನೆ ನಮ್ಮ ಬಡಾವಣೆ ಗ್ರೂಪಿಗೆ ಅವನದೇ ಹೊಸ ವಿಡಿಯೋ ಬಂತು. ಈ ಸಲ ಬೇಸ್ ತಾಮ್ರದ್ದಂತೆ. 1,400 ಜಾಸ್ತಿ.