ತೋಟದ ತೇವಾಂಶ ಸೆನ್ಸರ್‌ಗೆ ಲೋರಾವ್ಯಾನೋ, ಜಿಗ್ಬಿಯೋ?

ಎರಡೂ ಸೆನ್ಸರ್ ಮಾಹಿತಿಯನ್ನು ತಂತಿಯಿಲ್ಲದೆ ಕಳಿಸುವ ರೇಡಿಯೋ ವ್ಯವಸ್ಥೆಗಳು: ಲೋರಾವ್ಯಾನ್ ದೂರಕ್ಕೆ, ಜಿಗ್ಬಿ ಹತ್ತಿರಕ್ಕೆ. ಹತ್ತಾರು ಎಕರೆ ಅಡಿಕೆ ತೋಟದಲ್ಲಿ ಸೆನ್ಸರ್‌ಗಳು ದೂರದೂರ ಇದ್ದರೆ ಲೋರಾವ್ಯಾನ್ ಹಾಕಿ. ನಮ್ಮಲ್ಲಿ ಅದು 865–867 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ; ಜಿಗ್ಬಿಯ 2.4 ಗಿಗಾಹರ್ಟ್ಸ್ ಅಲೆ ಮಳೆಗೆ ನೆಂದ ಸೋಗೆಗಳ ನಡುವೆ ಬೇಗ ಸೊರಗುತ್ತದೆ. ಕರೆಂಟ್ ಇರುವ ಪಾಲಿಹೌಸ್‌ಗೆ ಜಿಗ್ಬಿ ಮೇಲು: ಸಂದೇಶ ದಾಟಿಸುವ, ಸದಾ ಕರೆಂಟ್ ಬೇಕಾದ ಒಂದು ರೌಟರ್ ಕೆಟ್ಟರೆ ಮೆಶ್ (ಅವುಗಳ ಜಾಲ) ಬೇರೆ ದಾರಿ ಹುಡುಕುತ್ತದೆ. ಲೋರಾವ್ಯಾನ್‌ನ ಒಂದೇ ಗೇಟ್‌ವೇ (ಎಲ್ಲ ಸೆನ್ಸರ್‌ಗಳ ಸಂದೇಶ ಹಿಡಿದು ಸರ್ವರ್‌ಗೆ ದಾಟಿಸುವ ಪೆಟ್ಟಿಗೆ) ಸಿಡಿಲಿಗೆ ಸುಟ್ಟರೆ ಇಡೀ ತೋಟ ಮೂಕ. ಖರ್ಚಾದರೂ ಎರಡು ಗೇಟ್‌ವೇ ಇರಲಿ.

ಲೋರಾವ್ಯಾನ್, ಜಿಗ್ಬಿ ಎರಡರಲ್ಲೂ ಸಂದೇಶವನ್ನು ಗುಟ್ಟಾಗಿಡುವ ಎಇಎಸ್-128 ಗೂಢಲಿಪಿ ಇದೆ. ಎಡವುವುದು ಅದರ ಕೀ (ರಹಸ್ಯ ಸಂಖ್ಯೆ) ವಿಷಯದಲ್ಲಿ. ಜಾಲಕ್ಕೆ ಸೇರುವಾಗ ಬಳಸುವ ಜಿಗ್ಬಿಯ ಡೀಫಾಲ್ಟ್ ಲಿಂಕ್ ಕೀ ಜಗಜ್ಜಾಹೀರು, ಹಾಗಾಗಿ ಪ್ರತಿ ನೋಡ್‌ಗೂ (ಜಾಲದ ಸಾಧನಕ್ಕೂ) ಅದರದ್ದೇ ಇನ್‌ಸ್ಟಾಲ್ ಕೋಡ್ ಬೇಕು. ಲೋರಾವ್ಯಾನ್‌ನಲ್ಲಿ ಒಟಿಎಎ (ಜಾಲಕ್ಕೆ ಸೇರುವಾಗಲೆಲ್ಲ ಹೊಸ ಕೀ ಪಡೆಯುವ ವಿಧಾನ) ಆಯ್ದುಕೊಳ್ಳಿ. ಕೀಗಳನ್ನು ಮೊದಲೇ ತುಂಬಿಟ್ಟ ಎಬಿಪಿಯಲ್ಲಿ ಬ್ಯಾಟರಿ ಬದಲಿಸಿದಾಗ ಫ್ರೇಮ್ ಕೌಂಟರ್ (ಸಂದೇಶಗಳ ಕ್ರಮಸಂಖ್ಯೆ) ಸೊನ್ನೆಗೆ ಮರಳಿದರೆ ಸರ್ವರ್ ಸಂದೇಶಗಳನ್ನು ಹಳೆಯವೆಂದು ತಿರಸ್ಕರಿಸುತ್ತದೆ. ಆಗ ಕೌಂಟರ್ ಚೆಕ್ ತೆಗೆದುಬಿಡುವವರಿದ್ದಾರೆ, ದಯವಿಟ್ಟು ಬೇಡ: ಹಿಡಿದಿಟ್ಟ 'ಮಣ್ಣು ಒಣಗಿದೆ' ಸಂದೇಶವನ್ನೇ ಯಾರಾದರೂ ಮತ್ತೆ ಕಳಿಸಿದರೆ, ಪಂಪ್ ಸುರಿವ ಮಳೆಯಲ್ಲೂ ಓಡುತ್ತದೆ.