ಲೈವ್ ರಾಕ್ ಕುದಿಸಬೇಡಿ: ನಮ್ಮ ಮನೆಯಲ್ಲಿ ಆದದ್ದು

ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವವರು, ಇಡಬೇಕು ಅಂತ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ಸಾಕು. ಲೈವ್ ರಾಕ್ ಅಂದರೆ ಸಮುದ್ರದ ಜೀವಿಗಳು ಮನೆ ಮಾಡಿಕೊಂಡಿರುವ ಕಲ್ಲು. ಅದರ ಒಳಗಿನ ಹುಳ, ಏಡಿ ಸಾಯಲಿ ಅಂತ ಆ ಕಲ್ಲನ್ನು ಕುದಿಸಬೇಡಿ, ಮೇಲೆ ಬಿಸಿನೀರು ಸುರಿಯಬೇಡಿ, ಬ್ರಷ್ ಹಾಕಿ ಉಜ್ಜಬೇಡಿ. ನಾನು ಮಾಡಿದೆ. ನಮ್ಮ ಅಮ್ಮ ಮೂರು ದಿನ ಐಸಿಯುನಲ್ಲಿದ್ದರು.

ನಮ್ಮದು ಬೆಂಗಳೂರಿನಲ್ಲಿ ಎರಡು ಬೆಡ್‌ರೂಮ್ ಫ್ಲ್ಯಾಟ್. ಹಾಲ್‌ನಲ್ಲಿ 200 ಲೀಟರ್ ಟ್ಯಾಂಕ್. ಐದು ತಿಂಗಳು ಎಲ್ಲ ಚೆನ್ನಾಗಿತ್ತು. ಒಣ ಕಲ್ಲು, ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಏಳೆಂಟು ಸಮುದ್ರದ ಬಸವನಹುಳ. ಆದರೆ ನೋಡಲು ಬೋಳು ಬೋಳು. ಲೈವ್ ರಾಕ್ ಹಾಕಿದರೆ ಟ್ಯಾಂಕಿಗೆ ಜೀವ ಬರುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು, ಅದು ಸುಳ್ಳೂ ಅಲ್ಲ. ಹೆಸರಿಗೆ ಕಲ್ಲು, ಅಸಲಿಗೆ ಅದು ಹಳೆಯ ಹವಳದ ಗೂಡು. ಮೈತುಂಬಾ ತೂತು, ತೂತಿನ ತುಂಬಾ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅದರ ಜೊತೆಗೇ ಸಮುದ್ರದಿಂದ ಹೇಳದೆ ಕೇಳದೆ ಬರುವ ಜೀವಿಗಳೂ ಇರುತ್ತವೆ. ಹವ್ಯಾಸದವರು ಅವನ್ನು ಹಿಚ್‌ಹೈಕರ್ ಅಂತಾರೆ.

ಅಂಗಡಿಯವರು 12 ಕೆಜಿ ಕಲ್ಲನ್ನು ಥರ್ಮಾಕೋಲ್ ಡಬ್ಬಿಯಲ್ಲಿ, ಒದ್ದೆ ಪೇಪರ್ ಸುತ್ತಿ ಕೊಟ್ಟರು. "ಕ್ಯೂರ್ ಆಗಿದೆ ಸರ್, ಸೀದಾ ಹಾಕಿ" ಅಂದರು. ನಾನು ಸೀದಾ ಹಾಕಿದೆ. ಕ್ಯೂರ್ ಆಗಿರಲಿಲ್ಲ, ಅಂದರೆ ಸತ್ತದ್ದೆಲ್ಲ ಬೇರೆ ನೀರಿನಲ್ಲಿ ಮೊದಲೇ ಕೊಳೆತು ಮುಗಿದಿರಲಿಲ್ಲ. ದಾರಿಯಲ್ಲಿ ಸತ್ತ ಸ್ಪಂಜು, ಹುಳ ಎಲ್ಲ ಟ್ಯಾಂಕಿನಲ್ಲೇ ಕೊಳೆತು ಎರಡನೇ ದಿನಕ್ಕೆ ಅಮೋನಿಯಾ ಏರಿತು, ಒಂದು ಕ್ಲೌನ್ ಹೋಯಿತು. ಒಂದು ವಾರ ದಿನಾ ನೀರು ಬದಲಿಸಿ ಉಳಿದದ್ದನ್ನು ಉಳಿಸಿಕೊಂಡೆ.

ಆಮೇಲೆ ರಾತ್ರಿ ಹೊತ್ತು ಟ್ಯಾಂಕಿನಿಂದ ಟಕ್, ಟಕ್ ಅಂತ ಸದ್ದು. ಹೀಟರ್ ಇರಬೇಕು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಬಸವನಹುಳದ ಚಿಪ್ಪು ಚೂರು ಚೂರು. ನಾಲ್ಕನೇ ದಿನ ಗೋಬಿ ಕಾಣೆ. ಕೆಂಪು ಬೆಳಕಿನ ಟಾರ್ಚ್ ಹಿಡಿದು ಒಂದು ಗಂಟೆ ಕೂತಾಗ ಕಲ್ಲಿನ ತೂತಿನಿಂದ ಎರಡು ಕಣ್ಣು ಹೊರಗೆ ಬಂದವು, ಒಂದೊಂದು ಒಂದೊಂದು ಕಡೆ ತಿರುಗುತ್ತಿದ್ದವು. ಮ್ಯಾಂಟಿಸ್ ಸೀಗಡಿ. ಮುಂಗಾಲನ್ನು ಸುತ್ತಿಗೆ ತರ ಬೀಸಿ ಚಿಪ್ಪು ಒಡೆಯುವ ಜಾತಿ. ಅಷ್ಟರಲ್ಲಿ ಏಪ್ಟೇಸಿಯಾ ಅನ್ನೋ, ಹೂವಿನಂತೆ ಕಾಣುವ ಕಳೆಪ್ರಾಣಿಯೂ ಎದ್ದಿತ್ತು. ನಾನು ಅದನ್ನು ಚಿಮಟದಿಂದ ಕಿತ್ತೆ. ಅದನ್ನು ಕೀಳಲೇಬಾರದು. ಉಳಿದ ಒಂದು ಚೂರಿನಿಂದ ಹೊಸದು ಹುಟ್ಟುತ್ತೆ. ಎರಡು ಇದ್ದದ್ದು ಎರಡು ತಿಂಗಳಲ್ಲಿ ಕಲ್ಲಿನ ತುಂಬಾ ಆಯಿತು.

ಇದರ ಮಧ್ಯೆ ಇನ್ನೊಂದು ಇತ್ತು. ಕಂದು ಬಣ್ಣದ, ಅಂಗಿ ಗುಂಡಿ ಗಾತ್ರದ ಹೂಗಳು, ಸುತ್ತ ಚಿಕ್ಕ ಕುಚ್ಚು, ಒಂದಕ್ಕೊಂದು ಅಂಟಿಕೊಂಡು ಚಾಪೆ ಹಾಸಿದ ಹಾಗೆ. ಚೆಂದವೇನೂ ಇರಲಿಲ್ಲ, ಹಾಗಾಗಿ ಅದರ ಹೆಸರೇನು ಅಂತಲೂ ನಾನು ಹುಡುಕಲಿಲ್ಲ. ಈಗ ಯೋಚಿಸಿದರೆ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಇದಕ್ಕೇ. ಒಂದು ಫೋಟೋ ತೆಗೆದು ಯಾರಿಗಾದರೂ ತೋರಿಸಿದ್ದರೆ ಸಾಕಿತ್ತು.

ಒಂದು ಭಾನುವಾರ ಬೇಸತ್ತು ಎಲ್ಲ ಕಲ್ಲನ್ನೂ ಹೊರಗೆ ತೆಗೆದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಒಂದೊಂದೇ ಕಲ್ಲು ಹಾಕಿ ಕುದಿಸಿದೆ, ತೆಗೆದು ಸಿಂಕ್‌ನಲ್ಲಿ ಬ್ರಷ್‌ನಿಂದ ಉಜ್ಜಿದೆ. ಅಡುಗೆಮನೆ ತುಂಬಾ ಹಬೆ. ಅಮ್ಮ ಹಾಲ್‌ನಲ್ಲಿ ಟಿವಿ ನೋಡುತ್ತಾ ಕೂತಿದ್ದವರು "ಏನೋ ಇದು, ಮೀನು ಕೊಳೆತ ವಾಸನೆ, ಕಿಟಕಿ ತೆಗಿಯೋ" ಅಂದರು. ತೆಗೆದೆ, ಆದರೆ ನಿಲ್ಲಿಸಲಿಲ್ಲ.

ಅರ್ಧ ಗಂಟೆಗೆ ನನಗೆ ಗಂಟಲು ಕೆರೆತ, ಕೆಮ್ಮು. ಬಾಯಲ್ಲಿ ನಾಣ್ಯ ಚೀಪಿದ ಹಾಗೆ ಕಹಿ. ಸಂಜೆ ಏಳಕ್ಕೆ ಚಳಿ ಜ್ವರ, ತೊಡೆ, ಬೆನ್ನು ಹಿಂಡುವ ನೋವು. ಅಮ್ಮನಿಗೆ ಮೊದಲಿಂದ ಅಸ್ತಮಾ ಇದೆ. ಹತ್ತು ಗಂಟೆಗೆ ಅವರು ಒಂದು ವಾಕ್ಯ ಪೂರ್ತಿ ಹೇಳಲು ಆಗದೆ ಏದುಸಿರು ಬಿಡುತ್ತಿದ್ದರು.

ಎಮರ್ಜೆನ್ಸಿಯಲ್ಲಿ ಮೊದಲು ವೈರಲ್ ಅಂದರು. ಊಟ ಏನು ಮಾಡಿದ್ರಿ ಅಂತ ಕೇಳಿದರು. ನನಗೂ ಕಲ್ಲಿನ ನೆನಪೇ ಬರಲಿಲ್ಲ. ಟ್ಯಾಂಕ್ ಇಟ್ಟಿರುವ ಗೆಳೆಯರೊಬ್ಬರು ಬೇರೆ ಯಾವುದಕ್ಕೋ ಫೋನ್ ಮಾಡಿದರು, ವಿಷಯ ಕೇಳಿದವರೇ "ಕಲ್ಲು ಕುದಿಸಿದ್ರಾ? ಕಂದು ಗುಂಡಿ ತರ ಇತ್ತಾ ಅದ್ರಲ್ಲಿ?" ಅಂದರು. ಆ ಫೋನ್ ಬರದಿದ್ದರೆ ಡಾಕ್ಟರಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಆ ಕಂದು ಗುಂಡಿಯ ಹೆಸರು ಪ್ಯಾಲಿಥೋವಾ, ಹವಳದ ನೆಂಟನಾದ ಒಂದು ಸಮುದ್ರ ಪ್ರಾಣಿ. ಅದರ ಎಲ್ಲ ಜಾತಿಗಳಲ್ಲೂ ಅಲ್ಲ, ಆದರೆ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇರುತ್ತೆ, ಮತ್ತು ಕಣ್ಣಿಂದ ನೋಡಿ ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಹೇಳಲು ಆಗಲ್ಲ. 1971ರಲ್ಲಿ ಹವಾಯಿಯಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. ಅಲ್ಲಿಯ ಹಳಬರು ಅದಕ್ಕೂ ಎಷ್ಟೋ ಮೊದಲೇ ಆ ಜೀವಿಯನ್ನು ಹಾನಾ ಊರಿನ ಸಾವಿನ ಪಾಚಿ ಅಂತ ಕರೆಯುತ್ತಿದ್ದರು. ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಕಳಿಸುವ ಪಂಪ್ ಇರುತ್ತೆ, ಅಲ್ವಾ? ಈ ವಿಷ ಆ ಪಂಪನ್ನು ತೆರೆದ ಬಾಗಿಲಿನಂತೆ ಮಾಡಿಬಿಡುತ್ತೆ. ಹಾಗಾಗಿ ಸ್ನಾಯು, ಶ್ವಾಸಕೋಶ, ಹೃದಯ ಎಲ್ಲಕ್ಕೂ ಪೆಟ್ಟು. ಕುದಿಸಿದರೆ ಇದು ಹಾಳಾಗಲ್ಲ, ಹಬೆಯ ಹನಿಗಳ ಜೊತೆ ಗಾಳಿಗೆ ಬರುತ್ತೆ. ಇದಕ್ಕೆ ಪ್ರತಿಮದ್ದು ಇಲ್ಲ. ಆಮ್ಲಜನಕ, ಉಸಿರಿನ ಔಷಧ ಕೊಟ್ಟು ಕಾಯಬೇಕು. ನಾವು ಕಾದೆವು. ಅಮ್ಮ ಮನೆಗೆ ಬಂದರು, ಕೆಮ್ಮು ಮಾತ್ರ ಒಂದೂವರೆ ತಿಂಗಳು ಬಿಡಲಿಲ್ಲ.

ಇದು ಎಲ್ಲೋ ಒಬ್ಬರಿಗೆ ಆಗುವಂಥದ್ದು ಅಂದುಕೊಳ್ಳಬೇಡಿ. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ ಟ್ಯಾಂಕಿನ ಹವಳ ಸ್ವಚ್ಛ ಮಾಡುವಾಗ ಇಡೀ ಮನೆಯವರು ಆಸ್ಪತ್ರೆ ಸೇರಿದರು, ಸಹಾಯಕ್ಕೆ ಬಂದ ಅಗ್ನಿಶಾಮಕದವರೂ ಸೇರಿದರು. ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಮನೆಗಳಲ್ಲಿ, ಅಂಗಡಿಗಳಲ್ಲಿ ಇಂಥದ್ದೇ ಪ್ರಕರಣಗಳು ದಾಖಲಾಗಿವೆ.

ಹಾಗಾದರೆ ಏನು ಮಾಡಬೇಕು? ಕಲ್ಲು ಬಂದ ಕೂಡಲೇ ಬೇರೆ ಟಬ್‌ನಲ್ಲಿ, ಉಪ್ಪುನೀರು, ಹೀಟರ್, ಪವರ್‌ಹೆಡ್ (ನೀರು ಹರಿಸುವ ಚಿಕ್ಕ ಪಂಪ್) ಹಾಕಿ ನಾಲ್ಕರಿಂದ ಆರು ವಾರ ಇಡಿ. ಅಮೋನಿಯಾ ಸೊನ್ನೆಗೆ ಬಂದು ನಿಲ್ಲಬೇಕು. ರಾತ್ರಿ ಕೆಂಪು ಟಾರ್ಚ್ ಹಿಡಿದು ನೋಡಿ, ಯಾರು ಬಂದಿದ್ದಾರೆ ಅಂತ ಆಗಲೇ ಗೊತ್ತಾಗುತ್ತೆ. ಕಂಡದ್ದನ್ನೆಲ್ಲ ಕೊಲ್ಲಬೇಡಿ. ಬ್ರಿಸಲ್ ವರ್ಮ್ ಅನ್ನೋ ಮುಳ್ಳುಹುಳ ನೋಡಿ ನಾನು ಹೆದರಿದ್ದೆ, ಅವುಗಳಲ್ಲಿ ಹೆಚ್ಚಿನವು ಉಳಿದ ಆಹಾರ ತಿಂದು ಮರಳು ಚೊಕ್ಕ ಮಾಡುವವು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಮುಳ್ಳು ಚುಚ್ಚುತ್ತೆ. ಏಪ್ಟೇಸಿಯಾಗೆ ಪೆಪ್ಪರ್‌ಮಿಂಟ್ ಸೀಗಡಿ ಬಿಡಬಹುದು, ಇಲ್ಲವೇ ಶುದ್ಧ ಸುಣ್ಣದ ಗಟ್ಟಿ ಪೇಸ್ಟನ್ನು ಸಿರಿಂಜ್‌ನಿಂದ ಅದರ ಬಾಯಿಗೇ ಬಿಡಬಹುದು. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಆದರೆ ಟ್ಯಾಂಕಿಗೆ ಬೇರೇನೂ ಬೆರೆಸದ್ದೇ ಬೇಕು. ಕಂದು ಗುಂಡಿ ಕಂಡರೆ ಕೈಗವಸು, ಕನ್ನಡಕ ಹಾಕಿಕೊಳ್ಳಿ, ಆ ಕಲ್ಲನ್ನು ನೀರಿನೊಳಗೇ ಇರಿಸಿ, ಕತ್ತರಿಸಬೇಡಿ. ಆ ವಿಷ ಕಣ್ಣಿಗೆ ಸಿಡಿದರೆ ಕಣ್ಣೇ ಹಾಳಾಗಬಹುದು.

ಇನ್ನೊಂದು ಮಾತು, ನಾನು ಕೊಳ್ಳುವ ಮೊದಲೇ ಕೇಳಬೇಕಾಗಿದ್ದದ್ದು. ನಮ್ಮ ದೇಶದಲ್ಲಿ ರೀಫ್ (ಹವಳದ ದಿಬ್ಬ) ಕಟ್ಟುವ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮನ್ನಾರ್ ಕೊಲ್ಲಿಯ ರೀಫ್‌ನಿಂದಲೋ, ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಲೋ ಒಡೆದು ತಂದ ಕಲ್ಲು ಮನೆಯಲ್ಲಿ ಇದ್ದರೆ ಅದು ಅಪರಾಧ. ಎಲ್ಲಿಂದ ಬಂತು ಅಂತ ಕಾಗದ ತೋರಿಸದವರ ಹತ್ತಿರ ಕೊಳ್ಳಲೇಬೇಡಿ. ಒಣ ಕಲ್ಲು, ಇಲ್ಲವೇ ಸಿರಾಮಿಕ್ ಕಲ್ಲು ಹಾಕಿ, ಬಾಟಲ್ ಬ್ಯಾಕ್ಟೀರಿಯಾ ಬಿಟ್ಟರೂ ಟ್ಯಾಂಕ್ ಆಗುತ್ತೆ. ಜಾಸ್ತಿ ವಾರ ಹಿಡಿಯುತ್ತೆ, ಅಷ್ಟೇ.

ಈಗ ನಮ್ಮ ಟ್ಯಾಂಕಿನ ಸ್ಟ್ಯಾಂಡ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. "ಟ್ಯಾಂಕ್ ಮುಟ್ಟಿದ ಮೇಲೆ ಕೆಮ್ಮು, ಜ್ವರ, ಬಾಯಿ ಕಹಿ, ಕಣ್ಣು ಉರಿ ಬಂದರೆ ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ ಪ್ಯಾಲಿಟಾಕ್ಸಿನ್ ಅಂತ ಹೇಳಿ." ಅಮ್ಮನಿಗೆ ಓದಲು ಅನುಕೂಲವಾಗಲಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನೀವೂ ಹಾಗೇ ಬರೆದು ಅಂಟಿಸಿಕೊಳ್ಳಿ.