ಕಚೇರಿಯ ಮೇಲ್ ಮೊಬೈಲಿಗೆ ಬಾರದಾಗ: ತುಮಕೂರಿನ ಒಂದು ಪುಟ್ಟ ಸರ್ವಿಸ್ ಅಂಗಡಿ

ವಸಂತನರಸಾಪುರದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿರುವ ನನಗೆ ಕಚೇರಿಯ ಮೇಲ್ ಮೊಬೈಲಿಗೆ ಬಾರದಿದ್ದರೆ ಅರ್ಧ ದಿನದ ಕೆಲಸ ಕೆಟ್ಟಂತೆಯೇ. ಕಳೆದ ತಿಂಗಳು ಪಾಸ್‌ವರ್ಡ್ ಬದಲಿಸಿದ ಮರುದಿನದಿಂದ ಮೇಲ್ ನಿಂತುಹೋದದ್ದಲ್ಲದೆ, ದಿನಕ್ಕೆರಡು ಬಾರಿ ಖಾತೆಯೇ ಲಾಕ್ ಆಗತೊಡಗಿತು. ಐಟಿ ವಿಭಾಗದವರು ಕೇಳಿದಾಗಲೆಲ್ಲ ಲಾಕ್ ತೆಗೆದುಕೊಟ್ಟರೇ ಹೊರತು ಕಾರಣ ಹುಡುಕುವ ಗೋಜಿಗೆ ಹೋಗಲಿಲ್ಲ. ಬಿ.ಎಚ್. ರಸ್ತೆಯ ದೊಡ್ಡ ಅಂಗಡಿಯೊಂದರಲ್ಲಿ ಮೊಬೈಲನ್ನು ಕೈಗೆತ್ತಿಕೊಳ್ಳುವ ಮೊದಲೇ, ಅದರಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಬೇಕೆಂದರು.

ಕೊನೆಗೆ ಹೋದದ್ದು ಎಂ.ಜಿ. ರಸ್ತೆಯ ಬದಿಯ ಓಣಿಯೊಂದರಲ್ಲಿ, ಗಿರಾಕಿಗಳಿಗೆ ಕುರ್ಚಿ ಹಾಕಲೂ ಜಾಗವಿಲ್ಲದ ಅಂಗಡಿಗೆ. ಅಲ್ಲಿನ ತಂತ್ರಜ್ಞರು ಯಾವ ಸೆಟ್ಟಿಂಗನ್ನೂ ಮುಟ್ಟದೆ, ಮೊದಲು ನನ್ನ ಮೊಬೈಲಿನ ಬ್ರೌಸರ್‌ನಲ್ಲೇ ಕಂಪನಿಯ ವೆಬ್‌ಮೇಲ್ ತೆರೆಯಲು ಹೇಳಿ, ನಾನು ಪಾಸ್‌ವರ್ಡ್ ಒತ್ತುವಷ್ಟು ಹೊತ್ತು ಮುಖ ಆಚೆ ತಿರುಗಿಸಿಕೊಂಡರು. ಬೆಳಿಗ್ಗೆಯಷ್ಟೇ ಲಾಕ್ ತೆಗೆಸಿದ್ದರಿಂದ ಅದು ತೆರೆದುಕೊಂಡಿತು. ಅಲ್ಲಿಗೆ ಸರ್ವರ್ ಮೇಲಿನ ಅನುಮಾನವೂ ಪಾಸ್‌ವರ್ಡ್ ಮೇಲಿನ ಅನುಮಾನವೂ ಹೋಯಿತು. ಬಳಿಕ ವೆಬ್‌ಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ನನ್ನ ಖಾತೆಗೆ ಜೋಡಿಸಿರುವ ಮೊಬೈಲುಗಳ ಪಟ್ಟಿ ತೆಗೆಸಿದರು. ಎರಡು ಹೆಸರುಗಳಿದ್ದವು. "ಈ ಇನ್ನೊಂದು ಯಾರ ಹತ್ತಿರ ಇದೆ ಸಾರ್?" ಎಂದು ಕೇಳಿದಾಗಲೇ ನನಗೆ ಹೊಳೆದದ್ದು, ಮಗಳ ಪಾಠಕ್ಕೆಂದು ಕೊಟ್ಟ ಹಳೆಯ ಮೊಬೈಲಿನಿಂದ ನನ್ನ ಖಾತೆಯನ್ನು ತೆಗೆದೇ ಇರಲಿಲ್ಲವೆಂದು. ಕಚೇರಿಯ ಮೇಲ್ ನಡೆಸುವ ಎಕ್ಸ್‌ಚೇಂಜ್ ಸರ್ವರ್‌ಗೆ, ಮೇಲನ್ನು ಮೊಬೈಲಿಗೆ ತರುವ ಆಕ್ಟಿವ್‌ಸಿಂಕ್ ವ್ಯವಸ್ಥೆಯ ಮೂಲಕ ಜೋಡಿಸಿದ ಮೊಬೈಲು ಯಾರೂ ಮುಟ್ಟದಿದ್ದರೂ ತನ್ನಷ್ಟಕ್ಕೆ ಸರ್ವರ್‌ನ ಬಾಗಿಲು ಬಡಿಯುತ್ತಲೇ ಇರುತ್ತದೆ. ಅದು ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಒಪ್ಪಿಸಿ, ತಪ್ಪುಗಳ ಮಿತಿ ಮೀರಿದಾಗಲೆಲ್ಲ ಖಾತೆಗೆ ಬೀಗ ಬೀಳುತ್ತಿತ್ತು. ಪಟ್ಟಿಯಿಂದ ಅಳಿಸಿದರಷ್ಟೇ ಸಾಲದು, ಮನೆಗೆ ಹೋದೊಡನೆ ಆ ಮೊಬೈಲಿನಿಂದಲೂ ಖಾತೆಯನ್ನು ತೆಗೆಯಬೇಕೆಂದು ಎರಡು ಬಾರಿ ಹೇಳಿ ಕಳಿಸಿದರು.

ಹೊಸ ಮೊಬೈಲಿಗೆ ಖಾತೆಯನ್ನು ಮತ್ತೆ ಸೇರಿಸುವಾಗ ಪರದೆಯ ಮೇಲೆ ಬಂದ ಅನುಮತಿಯನ್ನು ಅವರು ನನ್ನಿಂದಲೇ ಓದಿಸಿದರು. ಮೊಬೈಲಿನಲ್ಲಿರುವುದನ್ನೆಲ್ಲ, ಮನೆಯವರ ಫೋಟೋಗಳೂ ಸೇರಿ, ದೂರದಿಂದಲೇ ಅಳಿಸುವ ಅಧಿಕಾರವನ್ನು ಕಂಪನಿಗೆ ಕೊಡುವ ಒಪ್ಪಿಗೆ ಅದು. ಇಷ್ಟು ವರ್ಷ ಓದದೆಯೇ ಒತ್ತಿಕೊಂಡು ಬಂದಿದ್ದೆ. ಬ್ಯಾಟರಿ ಉಳಿತಾಯದ ನಿರ್ಬಂಧದಿಂದ ಮೇಲ್ ಆ್ಯಪನ್ನು ಹೊರಗಿಟ್ಟು, ಎಷ್ಟು ದಿನಗಳ ಹಿಂದಿನವರೆಗಿನ ಮೇಲ್ ಮೊಬೈಲಿನಲ್ಲಿ ಸಿಗಬೇಕೆಂಬ ಸಿಂಕ್ ಅವಧಿಯನ್ನು 3 ದಿನಗಳಿಂದ 1 ತಿಂಗಳಿಗೆ ಏರಿಸಿದರು. ಹೊಸ ಮೊಬೈಲಿಗೆ ಕಂಪನಿಯ ಅನುಮೋದನೆ ಬೇಕೆಂಬ ಸೂಚನೆ ಬಂದಾಗ ಮಾತ್ರ, ಅದು ತಮ್ಮ ಕೈಯಲ್ಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿ, ಐಟಿ ವಿಭಾಗಕ್ಕೆ ಏನು ಬರೆಯಬೇಕೆಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಟ್ಟರು. ಅದೇ ಸಂಜೆ ಅನುಮೋದನೆ ಸಿಕ್ಕಿತು, ಅಂದಿನಿಂದ ಖಾತೆ ಲಾಕ್ ಆಗಿಲ್ಲ.

ಸರದಿಗಾಗಿ 40 ನಿಮಿಷ ಬಿಸಿಲಿನಲ್ಲಿ ನಿಲ್ಲಬೇಕಾಯಿತು, ಗಾಡಿ ನಿಲ್ಲಿಸುವುದು ಇನ್ನೊಂದು ಪಾಡು. ಪಡೆದ 250 ರೂಪಾಯಿ ನ್ಯಾಯವಾದದ್ದೇ, ಆದರೆ ಅಲ್ಲಿ ಬಿಲ್ ಕೊಡುವ ಪದ್ಧತಿಯಿಲ್ಲ. ಐಟಿ ವಿಭಾಗಕ್ಕೆ ಏನು ಬರೆಯಬೇಕೆಂದು ಅವರು ಬರೆದುಕೊಟ್ಟಿದ್ದ ಚೀಟಿಯನ್ನೇ ಬಿಲ್ಲಿನ ಬದಲಿಗೆ ಕಚೇರಿಯಲ್ಲಿ ಇಟ್ಟುಕೊಟ್ಟೆ. ನಮ್ಮ ಲೆಕ್ಕ ವಿಭಾಗದವರು ನಕ್ಕು ವಾಪಸ್ ಕಳಿಸಿದರು.